ಸಾಲಪತ್ರದಿಂದ ಸಾಲದ ಆಪ್‌ವರೆಗೆ



ಸಾಲ ಕೊಡುವವನು ಏನಾದರೊಂದನ್ನು ಅಡವು ಕೇಳುವುದು ಹಳೆಯ ರೂಢಿ. ಒಂದು ಕಾಲಕ್ಕೆ ಅದು ಜಮೀನು, ಇನ್ನೊಂದು ಕಾಲಕ್ಕೆ ಒಡವೆ. ಇಂದು ಪೀಣ್ಯದ ಕಾರ್ಖಾನೆಯ ಕಾರ್ಮಿಕನಾಗಲಿ, ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ನೌಕರನಾಗಲಿ, ಅಕ್ರಮ ಸಾಲದ ಆಪ್‌ಗೆ ಅಡವಿಡುವುದು ತನ್ನ ಇಜ್ಜತ್ತನ್ನು. ಇದು ಹೇಗೆಂದು ತಿಳಿಯಲು ನೀವು ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಲೆಕ್ಕದ ಪುಸ್ತಕ ಮತ್ತು ಸಾಲಪತ್ರಗಳನ್ನು. ಓದು ಬಾರದ ರೈತ ಒಪ್ಪಿಕೊಟ್ಟ ಪತ್ರವೇ ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾಗುತ್ತಿತ್ತು. ಈ ದಂಗೆಯ ಫಲವಾಗಿ 1879ರಲ್ಲಿ ಬಂದ ಕಾಯಿದೆಯು ಪತ್ರವನ್ನಷ್ಟೇ ನಂಬದೆ ಸಾಲದ ಪೂರ್ತಿ ಲೆಕ್ಕವನ್ನು ಪರಿಶೀಲಿಸುವಂತೆ ನ್ಯಾಯಾಲಯಗಳಿಗೆ ಹೇಳಿತು.

ನಮ್ಮ ನಾಡಿನಲ್ಲೂ ಪ್ರಯತ್ನಗಳು ನಡೆದವು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. 1961ರ ಲೇವಾದೇವಿದಾರರ ಕಾಯಿದೆ ಲೈಸೆನ್ಸನ್ನು ಕಡ್ಡಾಯ ಮಾಡಿತು. 2004ರ ಕಾಯಿದೆ ವಿಪರೀತ ಬಡ್ಡಿಯನ್ನು ಅಪರಾಧವೆಂದು ಸಾರಿತು.

ಆದರೆ ಆಪ್‌ಗೆ ಅಂಗಡಿಯೂ ಇಲ್ಲ, ಮುಖವೂ ಇಲ್ಲ. ಅಂದು ಓದು ಬಾರದೆ ಪತ್ರ ಒಪ್ಪಿದರೆ, ಇಂದು ಓದು ಬಂದವರೂ ಓದದೆ 'ಒಪ್ಪಿಗೆ' ಒತ್ತುತ್ತಾರೆ. ಆ ಒಂದು ಒತ್ತಿಗೆ ಫೋನಿನಲ್ಲಿರುವ ಹೆಸರು, ನಂಬರು, ಫೋಟೋಗಳೆಲ್ಲ ಪರರ ಪಾಲಾಗುತ್ತವೆ. ಶುಲ್ಕ ಮುರಿದುಕೊಂಡು ಅರ್ಧಂಬರ್ಧ ಹಣ ಕೊಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಬಂಧುಗಳಿಗೆ, ಸಹೋದ್ಯೋಗಿಗಳಿಗೆ ಬೈಗುಳದ ಕರೆ, ತಿದ್ದಿದ ಅಶ್ಲೀಲ ಚಿತ್ರ ಹೋಗುತ್ತವೆ.

2020ರ ಲಾಕ್‌ಡೌನ್ ಕಾಲದಲ್ಲಿ ಈ ಪಿಡುಗು ಹೆಚ್ಚಿತು. ಆ ವರ್ಷ ಡಿಸೆಂಬರ್ 23ರಂದು ರಿಸರ್ವ್ ಬ್ಯಾಂಕ್ ಜನರನ್ನು ಎಚ್ಚರಿಸಿತು. ಅದರ ಕಾರ್ಯತಂಡ 2021ರಲ್ಲಿ ನೋಡಿದ ಸುಮಾರು 1,100 ಆಪ್‌ಗಳಲ್ಲಿ 600ರಷ್ಟು ಅಕ್ರಮವಾಗಿದ್ದವು. 2022ರ ಸೆಪ್ಟೆಂಬರಿನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರಿನ 6 ಕಡೆ ಶೋಧ ನಡೆಸಿ ಸುಮಾರು 17 ಕೋಟಿ ರೂಪಾಯಿ ವಶಪಡಿಸಿಕೊಂಡಿತು. ಇದಕ್ಕೆ ಆಧಾರ ಬೆಂಗಳೂರು ಸೈಬರ್ ಪೊಲೀಸರು ದಾಖಲಿಸಿದ್ದ 18 ಎಫ್‌ಐಆರ್‌ಗಳು.

ಗಮನಿಸಿ, ನಾಚಿಕೆ ಬಿಟ್ಟು ಠಾಣೆಗೆ ಹೋದವರಿಂದಲೇ ಅಷ್ಟು ದೊಡ್ಡ ಜಾಲ ಬಯಲಾಯಿತು. ಸಾಲಗಾರ ಯಾರಿಗೂ ಹೇಳುವುದಿಲ್ಲ ಎಂಬುದೇ ಈ ದಂಧೆಯ ಬಂಡವಾಳ.

ಕಾನೂನು ಈಗ ನಿಮ್ಮ ಕಡೆಗಿದೆ. ಆಪ್‌ಗಳು ಫೋನಿನ ಸಂಪರ್ಕ ಪಟ್ಟಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿತು. ಮಾನ್ಯ ಸಂಸ್ಥೆಗಳ ಆಪ್‌ಗಳ ಪಟ್ಟಿಯನ್ನು 2025ರ ಜುಲೈನಲ್ಲಿ ತನ್ನ ಜಾಲತಾಣದಲ್ಲಿ ಪ್ರಕಟಿಸಿತು. ನೋಂದಣಿಯಿಲ್ಲದ ಸಾಲಗಾರ ಸಂಸ್ಥೆಗಳ ಬಲವಂತದ ವಸೂಲಿಗೆ 10 ವರ್ಷದವರೆಗೆ ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆಯನ್ನು ನಮ್ಮ ಸರ್ಕಾರ ಅದೇ ವರ್ಷದ ಫೆಬ್ರವರಿಯಲ್ಲಿ ಹೊರಡಿಸಿತು.

ಕಿರುಕುಳ ಶುರುವಾದರೆ ಮೊದಲು ಮನೆಯವರಿಗೆ ತಿಳಿಸಿ. ಪರಿಚಿತರಿಗೂ ವಿಷಯ ಮುಟ್ಟಿಸಿ, ಬೆದರಿಕೆಯ ಬಲ ಅರ್ಧ ಇಳಿಯುತ್ತದೆ. ಒಂದು ಆಪ್‌ನ ಸಾಲ ತೀರಿಸಲು ಇನ್ನೊಂದರಲ್ಲಿ ಸಾಲ ಮಾಡಬೇಡಿ. ಸಂದೇಶ, ಕರೆಯ ನಂಬರು, ಹಣ ಕಟ್ಟಿದ ದಾಖಲೆಗಳನ್ನು ಅಳಿಸದೆ ಇಟ್ಟುಕೊಂಡು 1930ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ. ಮಾನ್ಯ ಬ್ಯಾಂಕಿನ ಸಾಲವನ್ನು ತೀರಿಸುವುದು ನಮ್ಮ ಕರ್ತವ್ಯ. ಆದರೆ ಸಾಲ ಮಾಡಿದ ಮಾತ್ರಕ್ಕೆ ಯಾರೂ ತಮ್ಮ ಮಾನವನ್ನು ಬರೆದುಕೊಟ್ಟಂತಾಗುವುದಿಲ್ಲ.

ವಿದ್ಯಾರ್ಥಿಗಳೇ, ಸುಪಾದ ರೈತರಿಗೆ ಇಲ್ಲದಿದ್ದ ಅಕ್ಷರಜ್ಞಾನ ನಿಮಗಿದೆ. ಒಪ್ಪಿಗೆ ಒತ್ತುವ ಮೊದಲು ಓದಿರಿ, ಓದು ಬಾರದ ನೆರೆಯವರಿಗೂ ಓದಿ ಹೇಳಿರಿ.