ಕಡಲ ಭಯೋತ್ಪಾದನೆ ತಡೆ: ಅಂತರರಾಷ್ಟ್ರೀಯ ಹೊಣೆ ಮತ್ತು ಉಡುಪಿ ಕರಾವಳಿ

ಕಡಲ ಹಾದಿಯಲ್ಲಿ ಬರುವ ಭಯೋತ್ಪಾದನೆಯನ್ನು ತಡೆಯುತ್ತೇನೆಂದು ಭಾರತ ಜಗತ್ತಿನ ಮುಂದೆ ಹೊತ್ತ ಹೊಣೆ ಉಡುಪಿ ಜಿಲ್ಲೆಯಲ್ಲಿ ಮೂರು ಠಾಣೆಗಳ ಹೆಗಲೇರಿದೆ: ಕಾಪು ತಾಲ್ಲೂಕಿನ ಹೆಜಮಾಡಿ, ಮಲ್ಪೆ ಮತ್ತು ಗಂಗೊಳ್ಳಿ. ರಾಜ್ಯದ ಕರಾವಳಿ ಕಾವಲು ಪೊಲೀಸ್ ಪಡೆಗೆ ಇರುವುದು ಒಟ್ಟು 9 ಠಾಣೆ. ಕೇಂದ್ರ ಕಚೇರಿ ಮಲ್ಪೆಯಲ್ಲಿದೆ.  

ಈ ಹೊಣೆಯ ಮೂಲ ದೂರದ ಕಡಲಿನಲ್ಲಿದೆ. 1985ರ ಅಕ್ಟೋಬರಿನಲ್ಲಿ ಈಜಿಪ್ಟ್ ಬಳಿ ಇಟಲಿಯ ಪ್ರಯಾಣಿಕ ಹಡಗು ಅಕಿಲೆ ಲೌರೊ ಅಪಹರಣವಾದಾಗ, ಅಪಹರಣಕಾರರು ಯಾರ ವಶಕ್ಕೆ ಎಂದು ದೇಶಗಳೇ ಕಿತ್ತಾಡಿದವು. 1988ರ ರೋಮ್ ಒಪ್ಪಂದ ಅದಕ್ಕೊಂದು ಕಟ್ಟಳೆ ಹಾಕಿತು: ಆರೋಪಿ ಸಿಕ್ಕ ದೇಶ ಅವನನ್ನು ಹಸ್ತಾಂತರಿಸಬೇಕು, ಇಲ್ಲವೇ ತಾನೇ ಮೊಕದ್ದಮೆ ಹೂಡಬೇಕು. ಭಾರತ ಇದಕ್ಕಾಗಿ 2002ರಲ್ಲಿ ಕಾನೂನು ಮಾಡಿತು. ಅಷ್ಟರಲ್ಲಿ, 2001ರ ಸೆಪ್ಟೆಂಬರ್ 28ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1373ನೇ ನಿರ್ಣಯದ ಮೂಲಕ ಉಗ್ರರಿಗೆ ಹಣ, ಆಶ್ರಯ ಸಿಗದಂತೆ, ಅವರು ಗಡಿ ದಾಟದಂತೆ ನೋಡಿಕೊಳ್ಳುವುದನ್ನು ಎಲ್ಲ ದೇಶಗಳಿಗೂ ಕಡ್ಡಾಯ ಮಾಡಿತ್ತು. ಗಡಿ ಎಂದೊಡನೆ ದಿಲ್ಲಿಗೆ ಬೇಲಿ ನೆನಪಾಗುತ್ತದೆ. ಮಲ್ಪೆಯ ಗಡಿಯಲ್ಲಿ ಬಲೆ ಬೀಸುತ್ತಾರೆ.

ಕೇಂದ್ರದ ಕರಾವಳಿ ಭದ್ರತಾ ಯೋಜನೆ 2005ರಲ್ಲೇ ಶುರುವಾಗಿತ್ತು. ಅದಕ್ಕೆ ಬಿಸಿ ತಟ್ಟಿದ್ದು 2008ರ ನವೆಂಬರಿನಲ್ಲಿ. ಕರಾಚಿಯಿಂದ ಹೊರಟ 10 ಮಂದಿ ಉಗ್ರರು ಗುಜರಾತಿನ ಮೀನುಗಾರಿಕಾ ಬೋಟ್ 'ಕುಬೇರ್' ವಶಪಡಿಸಿಕೊಂಡು ಮುಂಬೈ ಸಮೀಪಿಸಿದರು. ಅವರು ನಗರದ ಮೇಲೆ ನಡೆಸಿದ ದಾಳಿಯಲ್ಲಿ 166 ಜನ ಸತ್ತರು. ಆಮೇಲೆ ಕಡಲ ಭದ್ರತೆಯ ಒಟ್ಟು ಉಸ್ತುವಾರಿ ನೌಕಾಪಡೆಗೆ, 12 ನಾಟಿಕಲ್ ಮೈಲಿನ ಪ್ರಾದೇಶಿಕ ಸಮುದ್ರ ಕೋಸ್ಟ್ ಗಾರ್ಡ್‌ಗೆ, ದಡದ ಹತ್ತಿರದ ಗಸ್ತು ರಾಜ್ಯ ಪೊಲೀಸರಿಗೆ ಬಂತು. ಮೀನುಗಾರರಿಗೆ ಗುರುತಿನ ಚೀಟಿ ಬಂತು. 'ಸಾಗರ ಕವಚ' ಅಣಕು ಕಾರ್ಯಾಚರಣೆಯಲ್ಲಿ ಒಂದು ತಂಡ ಉಗ್ರರ ವೇಷದಲ್ಲಿ ದಡ ಸೇರಲು ಹವಣಿಸುತ್ತದೆ, ಇನ್ನೊಂದು ಹಿಡಿಯಲು ಕಾಯುತ್ತದೆ.

ನಿಜವಾದ ಪರೀಕ್ಷೆ ಬಂದದ್ದು ಅಣಕಿನ ಹೊರಗೆ. 2025ರ ಫೆಬ್ರವರಿಯಲ್ಲಿ ಒಮಾನಿನ ಮೀನುಗಾರಿಕಾ ಬೋಟೊಂದನ್ನು ಕೋಸ್ಟ್ ಗಾರ್ಡ್ ತಡೆದು ನಿಲ್ಲಿಸಿತು. ಅಷ್ಟು ಹೊತ್ತಿಗೆ ಅದು ಅರಬ್ಬಿ ಸಮುದ್ರ ದಾಟಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಸಮೀಪಕ್ಕೇ ಬಂದಿತ್ತು. ಒಳಗಿದ್ದವರು ತಮಿಳುನಾಡಿನ ಮೂವರು ಮೀನುಗಾರರು. ಮಾಲೀಕ ಸಂಬಳ ಕೊಡದ ಕಾರಣ ತಪ್ಪಿಸಿಕೊಂಡು ಊರಿಗೆ ಹೊರಟಿದ್ದೆವೆಂದು ಅವರು ಹೇಳಿಕೊಂಡರು.