ಏರ್‌ಬ್ಯಾಗ್ ವ್ಯವಸ್ಥೆಯ ದೋಷನಿದಾನ: ಅದರ ಪ್ರಾಮಾಣ್ಯವೂ ಪರಿಮಿತಿಯೂ

1. ಪ್ರಸ್ತಾವನೆ

ಯಾವುದೇ ಯಂತ್ರದ ಗುಣದೋಷಗಳನ್ನು ಅರಿಯುವುದಕ್ಕೆ ಲೋಕದಲ್ಲಿ ರೂಢವಾಗಿರುವ ಮಾರ್ಗವೆಂದರೆ ಅದನ್ನು ನಡೆಯಿಸಿ ನೋಡುವುದೇ ಆಗಿದೆ. ಮೋಟಾರು ವಾಹನದ ಬ್ರೇಕನ್ನು ತುಳಿದು, ದೀಪವನ್ನು ಹೊತ್ತಿಸಿ, ಎಂಜಿನ್ನನ್ನು ಓಡಿಸಿ, ಅವು ನೆಟ್ಟಗಿವೆಯೇ ಇಲ್ಲವೇ ಎಂಬುದನ್ನು ಯಾರಾದರೂ ನಿರ್ಧರಿಸಬಹುದು. ಏರ್‌ಬ್ಯಾಗ್ ಮಾತ್ರ ಈ ಬಗೆಯ ಪರೀಕ್ಷೆಗೆ ಒಗ್ಗುವಂಥದಲ್ಲ. ವರ್ಷಾನುವರ್ಷ ಸ್ಟಿಯರಿಂಗ್ ಚಕ್ರದ ಗರ್ಭದಲ್ಲಿ ನಿಶ್ಚೇಷ್ಟಿತವಾಗಿದ್ದು, ಪ್ರಸಂಗವೊದಗಿದಾಗ ಒಂದೇ ಒಂದು ಸಲ, ಕಣ್ಣೆವೆಯಿಕ್ಕುವುದಕ್ಕೂ ಮುಂಚೆ, ತನ್ನ ಕಾರ್ಯವನ್ನು ಮುಗಿಸಿ ವ್ಯಯವಾಗಿ ಹೋಗತಕ್ಕ ಸಾಧನವದು. ಪೂರ್ಣವಾಗಿ ಪರೀಕ್ಷಿಸಿದರೆ ಅದು ಉಳಿಯದು. ಉಳಿಸಿಕೊಂಡರೆ ಪರೀಕ್ಷೆಯು ಪೂರ್ಣವಾಗದು. ಹೀಗಿರುವಲ್ಲಿ, ಕೀಲಿಯನ್ನು ತಿರುಗಿಸಿದೊಡನೆ ಹೊತ್ತಿಕೊಂಡು ಕೆಲವು ಸೆಕೆಂಡುಗಳಲ್ಲಿ ಆರಿಹೋಗುವ ಎಚ್ಚರಿಕೆಯ ದೀಪವು ವ್ಯವಸ್ಥೆಯೆಲ್ಲವೂ ಸ್ವಸ್ಥವಾಗಿದೆಯೆಂದು ಸೂಚಿಸುವುದಾದರೆ, ಆ ಸೂಚನೆಗೆ ಆಧಾರವೇನು, ಅದರ ಪ್ರಾಮಾಣ್ಯವು ಎಲ್ಲಿಯವರೆಗೆ ಸಲ್ಲುತ್ತದೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪ್ರತ್ಯಕ್ಷಕ್ಕೆ ಎಡೆಯಿಲ್ಲ; ವಾಹನವು ತನ್ನ ವಿಷಯದಲ್ಲಿ ತಾನೇ ಮಾಡಿಕೊಳ್ಳುವ ಅನುಮಾನ ಪ್ರಮಾಣವನ್ನೇ ನಾವು ಅವಲಂಬಿಸಬೇಕಾಗಿದೆ. ಆ ಅನುಮಾನದ ಹೇತು ಯಾವುದು, ಅದರ ವ್ಯಾಪ್ತಿ ಎಷ್ಟು, ಅದು ಹೇತ್ವಾಭಾಸವಾಗುವುದೆಲ್ಲಿ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಪೂರ್ವೇತಿಹಾಸ

ಅಪಘಾತದ ಸಮಯದಲ್ಲಿ ಪ್ರಯಾಣಿಕನ ಮುಂದೆ ಚೀಲವೊಂದು ಅರಳಿ ಅವನನ್ನು ತಡೆಯಬೇಕೆಂಬ ಕಲ್ಪನೆಯು ಜರ್ಮನಿಯ ವಾಲ್ಟರ್ ಲಿಂಡರರ್, ಅಮೆರಿಕದ ಜಾನ್ ಹೆಟ್ರಿಕ್ ಎಂಬಿಬ್ಬರಲ್ಲಿ ಹೆಚ್ಚು ಕಡಿಮೆ ಏಕಕಾಲದಲ್ಲಿ ಮೂಡಿ, 1953ರಲ್ಲಿ ಇಬ್ಬರಿಗೂ ಪೇಟೆಂಟುಗಳು ದೊರೆತವು. ಆದರೆ ಇವರು ನೆಚ್ಚಿದ್ದ ಸಂಪೀಡಿತ ವಾಯುವು ಚೀಲವನ್ನು ಬೇಕಾದ ವೇಗದಲ್ಲಿ ತುಂಬಲಾರದೆ ಹೋಯಿತಾಗಿ, ರಾಸಾಯನಿಕ ದಹನದಿಂದ ಅನಿಲವನ್ನು ಉತ್ಪಾದಿಸುವ ಉಪಾಯವೂ, ಆಘಾತವನ್ನು ನಂಬತಕ್ಕ ರೀತಿಯಲ್ಲಿ ಗುರುತಿಸಬಲ್ಲ ಸೆನ್ಸರೂ ದೊರೆಯುವವರೆಗೆ ಆ ಕಲ್ಪನೆಯು ಕಾಗದದ ಮೇಲೆಯೇ ಉಳಿಯಿತು. 1960ರ ದಶಕದ ಕೊನೆಯ ಭಾಗದಲ್ಲಿ ಅಲೆನ್ ಬ್ರೀಡ್ ರೂಪಿಸಿದ ಸೆನ್ಸರಿನಿಂದ ಈ ಎರಡನೆಯ ಕೊರತೆಯು ನೀಗಿತು. 1970ರ ದಶಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ಕೆಲವು ಮಾದರಿಗಳಲ್ಲಿ ಏರ್‌ಬ್ಯಾಗನ್ನು ಅಳವಡಿಸಿ ಮಾರಿ ಕೈಬಿಟ್ಟಿತು. ಮುಂದಿನ ದಶಕದ ಆರಂಭದಲ್ಲಿ ಮರ್ಸಿಡಿಸ್-ಬೆಂಝ್ ತನ್ನ ಎಸ್-ಕ್ಲಾಸ್ ವಾಹನಗಳಲ್ಲಿ ಸೀಟ್‌ಬೆಲ್ಟಿಗೆ ಪೂರಕವಾಗಿ ಇದನ್ನು ಮತ್ತೆ ತಂದಿತು. ಅಮೆರಿಕದಲ್ಲಿ 1991ರ ಶಾಸನದ ಫಲವಾಗಿ 1998ನೆಯ ಮಾದರಿ ವರ್ಷದಿಂದ ಎಲ್ಲ ಹೊಸ ಕಾರುಗಳಲ್ಲಿಯೂ ಮುಂಭಾಗದ ಎರಡು ಏರ್‌ಬ್ಯಾಗುಗಳು ಕಡ್ಡಾಯವಾದವು. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದಲೂ, ಪಕ್ಕದ ಆಸನದವರದು ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದಲೂ ಕಡ್ಡಾಯವಾಯಿತು.

3. ರಚನೆ ಮತ್ತು ಕ್ರಿಯಾಕ್ರಮ

ನಿದಾನದ ಕ್ರಮವು ಬೋಧವಾಗಬೇಕಾದರೆ ಮೊದಲು ಕ್ರಿಯೆಯ ಕ್ರಮವನ್ನು ತಿಳಿಯಬೇಕು. ವಾಹನದ ನಡುಭಾಗದಲ್ಲಿ, ನೆಲಹಾಸಿನ ಲೋಹಕ್ಕೆ ಬಿಗಿದಿರುವ ಕಂಟ್ರೋಲ್ ಯೂನಿಟ್ಟಿನಲ್ಲಿ ವೇಗೋತ್ಕರ್ಷವನ್ನು ಅಳೆಯತಕ್ಕ ಸಿಲಿಕಾನ್ ಸೆನ್ಸರೊಂದಿರುತ್ತದೆ. ಅದರೊಳಗೆ ಬಾಚಣಿಗೆಯ ಹಲ್ಲುಗಳಂತೆ ಒಂದರ ನಡುವೆ ಒಂದು ಸೇರಿರುವ ಅತಿಸೂಕ್ಷ್ಮ ಪಟ್ಟಿಗಳಲ್ಲಿ ಕೆಲವು ಸ್ಥಿರವಾಗಿಯೂ ಕೆಲವು ಚಲಿಸುವಂತೆಯೂ ಇದ್ದು, ವಾಹನವು ಥಟ್ಟನೆ ತಡೆಗೊಂಡಾಗ ಅವುಗಳ ಅಂತರವು ವ್ಯತ್ಯಾಸವಾಗಿ ವಿದ್ಯುತ್ ಧಾರಣಶಕ್ತಿಯು ಬದಲಾಗುತ್ತದೆ. ಮುಂಭಾಗದಲ್ಲಿಯೂ ಬಾಗಿಲುಗಳಲ್ಲಿಯೂ ಇರಿಸಿದ ಉಪಸೆನ್ಸರುಗಳು ಈ ವಾರ್ತೆಯನ್ನು ಪುಷ್ಟೀಕರಿಸುತ್ತವೆ. ಗುಂಡಿಯಲ್ಲಿ ಚಕ್ರ ಬಿದ್ದ ಕುಲುಕಿಗೂ ಗೋಡೆಗೆ ಡಿಕ್ಕಿ ಹೊಡೆದ ಆಘಾತಕ್ಕೂ ಇರುವ ಭೇದವನ್ನು ಕಂಟ್ರೋಲ್ ಯೂನಿಟ್ಟು ವೇಗಾಪಕರ್ಷದ ಪ್ರಮಾಣದಿಂದ ಮಾತ್ರವಲ್ಲದೆ, ಅದು ಎಷ್ಟು ಹೊತ್ತು, ಯಾವ ಆಕಾರದಲ್ಲಿ ಮುಂದುವರಿಯಿತು ಎಂಬುದರಿಂದಲೂ ನಿಶ್ಚಯಿಸುತ್ತದೆ. ಅಷ್ಟಾದರೂ ಒಂದೇ ಸಾಕ್ಷಿಯ ಮಾತಿನ ಮೇಲೆ ಸ್ಫೋಟಕ್ಕೆ ಅಪ್ಪಣೆ ಕೊಡುವಂತಿಲ್ಲ. ಸ್ವತಂತ್ರವಾದ ಇನ್ನೊಂದು ಸೆನ್ಸರೂ ಆಘಾತವನ್ನು ದೃಢಪಡಿಸಿದ ಮೇಲೆಯೇ ವಿದ್ಯುತ್ತು ಹರಿಯಬಹುದು.

ಹರಿಯುವ ವಿದ್ಯುತ್ತು ಸೇರುವುದು ಸ್ಕ್ವಿಬ್ ಎಂಬ ಕಿರಿದಾದ ಜ್ವಾಲಕಕ್ಕೆ. ಸುಮಾರು ಎರಡು ಓಮ್ ಪ್ರತಿರೋಧವುಳ್ಳ ಅದರ ತೆಳುತಂತಿಯು 1.2 ಆಂಪಿಯರ್ ಪ್ರವಾಹವು ಎರಡು ಮಿಲಿಸೆಕೆಂಡು ಹರಿದರೆ ತಪ್ಪದೆ ಹೊತ್ತಿಸುವಂತೆಯೂ, 0.4 ಆಂಪಿಯರಿನಷ್ಟು ಹತ್ತು ಸೆಕೆಂಡು ಹರಿದರೂ ಹೊತ್ತಿಸದಂತೆಯೂ ನಿರ್ಮಿತವಾಗಿರುವುದು ವಾಡಿಕೆ. ಹೊತ್ತಿಕೊಂಡ ಕಿಡಿಯು ಇನ್‌ಫ್ಲೇಟರ್ ಎಂಬ ಅನಿಲೋತ್ಪಾದಕದಲ್ಲಿರುವ ಘನ ಇಂಧನಕ್ಕೆ ತಗುಲಿ ಅನಿಲವು ಉತ್ಪನ್ನವಾಗುತ್ತದೆ. ಮೊದಮೊದಲು ಸೋಡಿಯಂ ಅಝೈಡ್ ಇಂಧನವಾಗಿದ್ದು ಶುದ್ಧ ನೈಟ್ರೋಜನನ್ನು ಕೊಡುತ್ತಿತ್ತು; ಅದು ವಿಷಕಾರಿಯಾದುದರಿಂದ ಗ್ವಾನಿಡಿನ್ ನೈಟ್ರೇಟಿನಂಥ ದ್ರವ್ಯಗಳು ಕ್ರಮೇಣ ಅದರ ಸ್ಥಾನಕ್ಕೆ ಬಂದವು. ಆಘಾತವಾದ ಕ್ಷಣದಿಂದ ನೈಲಾನ್ ಚೀಲವು ತುಂಬಿ ನಿಲ್ಲುವವರೆಗೆ, ಎದುರಿನಿಂದಾದ ಡಿಕ್ಕಿಯಲ್ಲಿ, ಸುಮಾರು 50 ಮಿಲಿಸೆಕೆಂಡುಗಳು ಸಲ್ಲುತ್ತವೆ. ದೇಹವು ಬಂದು ತಗಲುವ ವೇಳೆಗೆ ಅನಿಲವು ಚೀಲದ ರಂಧ್ರಗಳ ಮೂಲಕ ಹೊರಹೋಗಲಾರಂಭಿಸಿರುತ್ತದೆ. ಡಿಕ್ಕಿಯಲ್ಲಿ ಬ್ಯಾಟರಿಯ ಸಂಪರ್ಕವೇ ಕಡಿದುಹೋದರೆ ಈ ಕಾರ್ಯಕ್ಕೆ ಬೇಕಾದ ಶಕ್ತಿಯನ್ನು ಕಂಟ್ರೋಲ್ ಯೂನಿಟ್ಟಿನೊಳಗಿನ ಕೆಪಾಸಿಟರು ಒದಗಿಸುತ್ತದೆ. ದುರಸ್ತಿಗೆ ಕೈಹಾಕುವ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಿ ತಯಾರಕರು ವಿಧಿಸಿದಷ್ಟು ನಿಮಿಷ ಕಾಯಬೇಕೆಂಬ ನಿಯಮಕ್ಕೆ ಈ ಸಂಚಿತ ಶಕ್ತಿಯೇ ಕಾರಣ.

4. ನಿದಾನದ ಕ್ರಮ

ಈಗ ಅನುಮಾನದ ಹೇತುವಿಗೆ ಬರೋಣ. ಕೀಲಿಯನ್ನು ತಿರುಗಿಸಿದೊಡನೆಯೂ, ವಾಹನವು ನಡೆಯುತ್ತಿರುವಷ್ಟು ಕಾಲವೂ, ಕಂಟ್ರೋಲ್ ಯೂನಿಟ್ಟು ಪ್ರತಿಯೊಂದು ಸ್ಕ್ವಿಬ್ಬಿನ ಮೂಲಕ ಕೆಲವು ಹತ್ತು ಮಿಲಿಆಂಪಿಯರುಗಳಷ್ಟೇ ಪ್ರವಾಹವನ್ನು ಹರಿಸಿ, ಅದರಿಂದ ಉಂಟಾಗುವ ವೋಲ್ಟೇಜನ್ನು ಅಳೆದು ಪ್ರತಿರೋಧವನ್ನು ಗಣಿಸುತ್ತದೆ. ಹೊತ್ತಿಸದ ಮಿತಿಗಿಂತ ಇದು ಬಹು ಕಡಿಮೆಯಾದುದರಿಂದ ಅಪಾಯವಿಲ್ಲ. ಪ್ರತಿರೋಧವು ಎರಡು ಓಮಿನ ಆಸುಪಾಸಿನಲ್ಲಿದ್ದರೆ ವಿದ್ಯುನ್ಮಂಡಲವು ಅಖಂಡವಾಗಿದೆಯೆಂದೂ, ಮಿತಿಮೀರಿದ್ದರೆ ತಂತಿಯು ಕಡಿದಿದೆ ಅಥವಾ ಕನೆಕ್ಟರು ಸಡಿಲವಾಗಿದೆಯೆಂದೂ, ತೀರ ಕಡಿಮೆಯಿದ್ದರೆ ತಂತಿಗಳು ಒಂದಕ್ಕೊಂದು ತಗುಲಿವೆಯೆಂದೂ ತೀರ್ಮಾನ. ಇದಲ್ಲದೆ ಪ್ರತಿ ಸ್ಕ್ವಿಬ್ಬಿನ ಎರಡು ಪಕ್ಕಗಳಲ್ಲಿಯೂ ಒಂದೊಂದು ಎಲೆಕ್ಟ್ರಾನಿಕ್ ಸ್ವಿಚ್ಚಿದ್ದು, ಎರಡೂ ಒಟ್ಟಿಗೆ ಪ್ರವಾಹವನ್ನು ಹರಿಯಬಿಟ್ಟಲ್ಲದೆ ಸ್ಫೋಟವಾಗದು. ಒಂದನ್ನು ತಡೆದಿಟ್ಟು ಇನ್ನೊಂದನ್ನು ಮಾತ್ರ ನಡೆಯಿಸಿ ನೋಡುವ ಉಪಾಯದಿಂದ ಎರಡನ್ನೂ ನಿರಪಾಯವಾಗಿ ಪರೀಕ್ಷಿಸಬಹುದು. ಎಚ್ಚರಿಕೆಯ ದೀಪವು ಆರಂಭದಲ್ಲಿ ಹೊತ್ತಲೇಬೇಕೆಂಬ ನಿಯಮದ ಅಭಿಪ್ರಾಯವೂ ಇದೇ: ಹೊತ್ತದ ದೀಪವು ಆರಿದ ದೀಪಕ್ಕೆ ಸಮಾನವಲ್ಲ, ಸಾಕ್ಷಿಯೇ ಮೂಕವಾಗಿಲ್ಲವೆಂಬುದು ಮೊದಲು ಸಿದ್ಧವಾಗಬೇಕು.

ದೋಷವು ಕಂಡುಬಂದಾಗ ಕಂಟ್ರೋಲ್ ಯೂನಿಟ್ಟು ದೀಪವನ್ನು ಹೊತ್ತಿಸಿ, ಸ್ಕ್ಯಾನರಿನಿಂದ ಓದಬಹುದಾದ ಸಂಕೇತವೊಂದನ್ನು ತನ್ನ ಸ್ಮೃತಿಯಲ್ಲಿ ದಾಖಲಿಸುತ್ತದೆ. ಆ ಸಂಕೇತವು ನಿರ್ದೇಶಿಸುವುದು ದೋಷವಿರುವ ಮಂಡಲವನ್ನೇ ಹೊರತು ದೋಷಿಯಾದ ಭಾಗವನ್ನಲ್ಲ. ಈ ವಿವೇಕವಿಲ್ಲದೆ ಸಂಕೇತವನ್ನು ಕಂಡೊಡನೆ ಏರ್‌ಬ್ಯಾಗನ್ನೇ ಬದಲಿಸುವವರು ಹಣವನ್ನು ವ್ಯರ್ಥಗೊಳಿಸುತ್ತಾರೆ. ಚಾಲಕನ ಏರ್‌ಬ್ಯಾಗಿನ ಮಂಡಲದಲ್ಲಿ ಪ್ರತಿರೋಧವು ಹೆಚ್ಚಾಗಿದ್ದು, ಅದರೊಡನೆ ಹಾರನ್ನೂ ಮೂಕವಾಗಿದ್ದರೆ, ಇವೆರಡರ ತಂತಿಗಳೂ ಹಾದುಹೋಗುವ, ಸ್ಟಿಯರಿಂಗಿನೊಡನೆ ಸುತ್ತಿ ಬಿಚ್ಚಿಕೊಳ್ಳುವ ಕ್ಲಾಕ್ ಸ್ಪ್ರಿಂಗ್ ಎಂಬ ಪಟ್ಟಿಯು ತುಂಡಾಗಿರುವ ಸಂಭವವೇ ಅಧಿಕ. ಆಸನವನ್ನು ಹಿಂದೆ ಮುಂದೆ ಸರಿಸುವಾಗ ದೀಪವು ಹೊತ್ತಿದರೆ, ಆಸನದ ಕೆಳಗಿನ ಹಳದಿ ಕನೆಕ್ಟರಿನ ಕಡೆಗೆ ದೃಷ್ಟಿಯನ್ನು ಹರಿಸತಕ್ಕದು. ನಿಶ್ಚಯಕ್ಕಾಗಿ ಏರ್‌ಬ್ಯಾಗನ್ನು ಬಿಚ್ಚಿ, ಅದರ ಜಾಗದಲ್ಲಿ ಎರಡು ಓಮಿನ ಪ್ರತಿರೋಧಕವನ್ನು ಜೋಡಿಸಿ ನೋಡುವುದುಂಟು: ದೋಷವು ಹೋದರೆ ಅದು ಏರ್‌ಬ್ಯಾಗಿನದು, ಉಳಿದರೆ ತಂತಿಯದೋ ಕಂಟ್ರೋಲ್ ಯೂನಿಟ್ಟಿನದೋ ಆಗಿರಬೇಕು. ಅನ್ವಯವ್ಯತಿರೇಕಗಳ ಇಷ್ಟು ಶುದ್ಧವಾದ ಪ್ರಯೋಗವು ಯಂತ್ರಶಾಲೆಗಳಲ್ಲಿ ವಿರಳ. ಸಾಮಾನ್ಯ ಮೀಟರನ್ನು ಸ್ಕ್ವಿಬ್ಬಿಗೆ ನೇರವಾಗಿ ತಾಗಿಸುವುದು ಮಾತ್ರ ಸರ್ವಥಾ ನಿಷಿದ್ಧ. ಅದು ಹರಿಸುವ ಪ್ರವಾಹದಿಂದಲೇ ಚೀಲವು ಸಿಡಿಯಬಹುದು.

5. ಹೇತುವಿನ ಪರಿಮಿತಿ

ಈ ನಿದಾನವು ಇಷ್ಟು ಕುಶಲವಾಗಿದ್ದರೂ ಅದರ ವ್ಯಾಪ್ತಿಯು ವಿದ್ಯುತ್ ಮಾರ್ಗದ ಎಲ್ಲೆಯನ್ನು ಮೀರುವುದಿಲ್ಲವೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡಬಹುದು.

ಮೊದಲನೆಯದು ಕೃತಕ ಹೇತು. ಪರೀಕ್ಷೆಗೆಂದು ಬಳಸುವ ಪ್ರತಿರೋಧಕವನ್ನು ಸಿಡಿದುಹೋದ ಏರ್‌ಬ್ಯಾಗಿನ ಸ್ಥಾನದಲ್ಲಿ ಶಾಶ್ವತವಾಗಿ ಕೂರಿಸಿ, ಮೇಲಿನ ಮುಚ್ಚಳವನ್ನು ಅಂದವಾಗಿ ಹೊಂದಿಸಿ, ಹಳೆಯ ವಾಹನವನ್ನು ಮಾರುವ ವಂಚನೆಯು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಎರಡು ಓಮಿನ ಪ್ರತಿರೋಧವು ಏರ್‌ಬ್ಯಾಗು ಇರುವಲ್ಲಿಯೂ ಇಲ್ಲದಿರುವಲ್ಲಿಯೂ ಇರಬಲ್ಲುದಾದುದರಿಂದ, ಅದು ಸವ್ಯಭಿಚಾರವಾದ ಹೇತು.

ಎರಡನೆಯದು ಅವಸ್ಥೆಗೆ ಸಂಬಂಧಿಸಿದುದು. ಜನರಲ್ ಮೋಟರ್ಸಿನ ಷೆವರ್ಲೆ ಕೋಬಾಲ್ಟ್ ಮೊದಲಾದ ಕಾರುಗಳ ಇಗ್ನಿಷನ್ ಸ್ವಿಚ್ಚು ಸಾಕಷ್ಟು ಬಿಗಿಯಿಲ್ಲದೆ, ಕುಲುಕಾಟದಿಂದಲೋ ಕೀಲಿಗೊಂಚಲಿನ ಭಾರದಿಂದಲೋ ತನ್ನಷ್ಟಕ್ಕೆ ಹಿಂದಕ್ಕೆ ಸರಿಯುತ್ತಿದ್ದುದು 2014ರಲ್ಲಿ ಬಯಲಾಯಿತು. ಆಗ ಎಂಜಿನ್ನು ನಿಲ್ಲುವುದರೊಂದಿಗೆ ಏರ್‌ಬ್ಯಾಗ್ ವ್ಯವಸ್ಥೆಯೂ ನಿಷ್ಕ್ರಿಯವಾಗುತ್ತಿತ್ತು; ಕೆಪಾಸಿಟರಿನ ಸಂಚಿತ ಶಕ್ತಿಯಾದರೋ ಅತ್ಯಲ್ಪ ಕಾಲಕ್ಕೆ ಮಾತ್ರ ಸಾಲುವಂಥದು. ಸಂಸ್ಥೆಯ ಪರಿಹಾರನಿಧಿಯು ಅಂಗೀಕರಿಸಿದ ಮರಣಗಳ ಸಂಖ್ಯೆ 124. ಇಲ್ಲಿ ಸ್ಕ್ವಿಬ್ಬಿನಲ್ಲಾಗಲಿ ಸೆನ್ಸರಿನಲ್ಲಾಗಲಿ ದೋಷವಿರಲಿಲ್ಲ. ಪರೀಕ್ಷೆಯನ್ನು ನಡೆಸಬೇಕಾದ ಯಂತ್ರವೇ ನಿದ್ರಿಸಿತ್ತು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಜಪಾನಿನ ತಕಾಟಾ ಸಂಸ್ಥೆಯು ತನ್ನ ಇನ್‌ಫ್ಲೇಟರುಗಳಲ್ಲಿ ಅಮೋನಿಯಂ ನೈಟ್ರೇಟನ್ನು ಇಂಧನವಾಗಿ ಬಳಸಿತು. ತೇವವನ್ನು ಹೀರಿಕೊಳ್ಳುವ ದ್ರವ್ಯವನ್ನು ಜೊತೆಗಿಡದ ಇನ್‌ಫ್ಲೇಟರುಗಳಲ್ಲಿ, ಉಷ್ಣತೆಯ ಏರಿಳಿತವೂ ಆರ್ದ್ರತೆಯೂ ವರ್ಷಗಟ್ಟಲೆ ಕೂಡಿ ಆ ಇಂಧನದ ಬಿಲ್ಲೆಗಳನ್ನು ಶಿಥಿಲಗೊಳಿಸಿದವು. ಶಿಥಿಲವಾದ ಇಂಧನವು ಉದ್ದೇಶಿಸಿದ್ದಕ್ಕಿಂತ ಶೀಘ್ರವಾಗಿ ಉರಿದು, ಒತ್ತಡವು ಮೇರೆಮೀರಿ, ಲೋಹದ ಕವಚವೇ ಒಡೆದು ಚೂರುಗಳು ಪ್ರಯಾಣಿಕರಿಗೆ ತಗುಲಿದವು. ಅಮೆರಿಕವೊಂದರಲ್ಲಿಯೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2017ರಲ್ಲಿ ಸಂಸ್ಥೆಯು ದಿವಾಳಿಯೆದ್ದಿತು. ಭಾರತದಲ್ಲಿಯೂ ಹೋಂಡಾ ಮೊದಲಾದ ತಯಾರಕರು ಇದೇ ಕಾರಣಕ್ಕಾಗಿ ಕಾರುಗಳನ್ನು ಮರಳಿ ಕರೆಯಿಸಿಕೊಂಡರು. ಆ ವಾಹನಗಳಲ್ಲಿ ಎಚ್ಚರಿಕೆಯ ದೀಪವು ಈ ದೋಷವನ್ನು ಸೂಚಿಸುವುದು ಸಾಧ್ಯವೇ ಇರಲಿಲ್ಲ. ಸ್ಕ್ವಿಬ್ಬಿನ ತಂತಿ ನೆಟ್ಟಗಿತ್ತು, ಕೆಟ್ಟಿದ್ದುದು ಅದರಾಚೆಯ ಇಂಧನ. ಅಗ್ನಿಯಿದ್ದಲ್ಲೆಲ್ಲ ಧೂಮವಿರುತ್ತದೆಂಬ ವ್ಯಾಪ್ತಿಯು ನಿಲ್ಲದು, ಇಂಧನವು ಆರ್ದ್ರವಾಗಿದ್ದರೆ ಮಾತ್ರ ಹೊಗೆಯೇಳುತ್ತದೆ ಎಂದು ತೋರಿಸಿ, ಆ ಆರ್ದ್ರೇಂಧನಸಂಯೋಗವನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಪ್ರತಿರೋಧವು ಸರಿಯಿದ್ದಲ್ಲೆಲ್ಲ ಚೀಲವು ಸರಿಯಾಗಿ ಅರಳುತ್ತದೆಂಬ ವ್ಯಾಪ್ತಿಗೂ ಇಂಧನದ ಶುಷ್ಕತೆಯೇ ಉಪಾಧಿಯಾಗಿ ನಿಂತದ್ದು, ಶಾಸ್ತ್ರದ ಉದಾಹರಣೆಯು ಎಷ್ಟು ಮರ್ಮವನ್ನು ಮುಟ್ಟಿತ್ತೆಂಬುದನ್ನು ತೋರಿಸುತ್ತದೆ.

6. ಉಪಸಂಹಾರ

ಇದರಿಂದ ಏರ್‌ಬ್ಯಾಗ್ ವ್ಯವಸ್ಥೆಯು ವಿಶ್ವಾಸಾರ್ಹವಲ್ಲವೆಂಬ ತೀರ್ಮಾನಕ್ಕೆ ಬರುವುದು ಸಲ್ಲದು. ಮುಂಭಾಗದ ಏರ್‌ಬ್ಯಾಗುಗಳು 1987ರಿಂದ 2017ರವರೆಗೆ ಐವತ್ತು ಸಾವಿರಕ್ಕೂ ಹೆಚ್ಚು ಪ್ರಾಣಗಳನ್ನು ಉಳಿಸಿವೆಯೆಂಬುದು ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಅಂದಾಜು. ಸಿದ್ಧವಾಗುವುದಿಷ್ಟೇ: ದೀಪವು ಆರಿದ್ದರೆ ಮಾರ್ಗವು ಶುದ್ಧವಾಗಿದೆಯೆಂದು ತಿಳಿಯಬಹುದು, ಫಲವು ನಿಶ್ಚಿತವೆಂದು ತಿಳಿಯಲಾಗದು. ಅನುಮಾನವು ತಲುಪಲಾರದ ಈ ಶೇಷಭಾಗಕ್ಕೆ ಆಪ್ತವಾಕ್ಯವೇ ಪ್ರಮಾಣ. ಒಂದೇ ತಂಡದಲ್ಲಿ ತಯಾರಾದ ಇನ್‌ಫ್ಲೇಟರುಗಳಲ್ಲಿ ಕೆಲವನ್ನು, ವರ್ಷಗಳ ಬಳಕೆಯ ತರುವಾಯ ಹಿಂತಿರುಗಿದವನ್ನೂ ಸೇರಿಸಿ, ಪ್ರಯೋಗಶಾಲೆಯಲ್ಲಿ ಸಿಡಿಸಿ ನೋಡಿದವರಿಗೆ ಮಾತ್ರ ಪ್ರತ್ಯಕ್ಷವು ಲಭ್ಯ. ಅವರ ಅರಿವು ವಾಹನದ ಒಡೆಯನಿಗೆ ತಲುಪುವ ಮಾರ್ಗವೆಂದರೆ ಮರಳಿ ಕರೆಯುವ ಪ್ರಕಟಣೆ. 2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯ 110ಎ ಪ್ರಕರಣವು ದೋಷಯುಕ್ತ ವಾಹನಗಳನ್ನು ಮರಳಿ ಕರೆಯಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿರುವುದರ ಮಹತ್ವವು ಇಲ್ಲಿದೆ. ಬೇಗೆಯೂ ತೇವವೂ ಕೂಡಿರುವ ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಕೈಯಿಂದ ಕೈಗೆ ಸಾಗುವ ಹಳೆಯ ವಾಹನಗಳ ವಿಷಯದಲ್ಲಿ ಈ ಎಚ್ಚರವು ಇಮ್ಮಡಿಯಾಗಿ ಸಲ್ಲತಕ್ಕದು. ಅಂಥ ವಾಹನವನ್ನು ಕೊಳ್ಳುವವನು ದೀಪವು ಹೊತ್ತಿ ಆರುವುದನ್ನು ನೋಡಬೇಕು, ಸ್ಕ್ಯಾನರಿನಿಂದ ದಾಖಲೆಯನ್ನು ಓದಿಸಬೇಕು, ಚಾಸಿಸ್ ಸಂಖ್ಯೆಯನ್ನು ತಯಾರಕರ ಮರಳಿ ಕರೆದ ಪಟ್ಟಿಯೊಡನೆ ತಾಳೆ ನೋಡಬೇಕು. ಈ ಮೂರರಲ್ಲಿ ಯಾವೊಂದೂ ಉಳಿದೆರಡರ ಕೆಲಸವನ್ನು ಮಾಡಲಾರದು.