ಪಹಣಿಯ ಸ್ಥಾನಾಂತರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಒಂದೆಕರೆ ರಾಗಿಯ ಹೊಲವುಳ್ಳವರಾಗಲಿ, ಹತ್ತು ಗುಂಟೆ ಹಿಪ್ಪುನೇರಳೆ ತೋಟವುಳ್ಳವರಾಗಲಿ, ತಮ್ಮ ನೆಲವು ತಮ್ಮದೆಂದು ಬ್ಯಾಂಕಿಗೂ ನ್ಯಾಯಾಲಯಕ್ಕೂ ತೋರಿಸಬೇಕಾದಾಗ ಆಶ್ರಯಿಸುವ ಪತ್ರವು ಪಹಣಿ. 1863ರಲ್ಲಿ ಮೈಸೂರು ಸೀಮೆಯಲ್ಲಿ ಬೊಂಬಾಯಿಯ ಪದ್ಧತಿಯನ್ನನುಸರಿಸಿ ಕಂದಾಯದ ಮೋಜಣಿ ಆರಂಭವಾಗಿ, 33 ಅಡಿಯ ಸರಪಳಿಯಿಂದ ನೆಲವನ್ನು ಅಳೆದು, ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರನ್ನು ಕೊಟ್ಟು, ವಿಸ್ತೀರ್ಣವನ್ನು ಎಕರೆ ಗುಂಟೆಗಳಲ್ಲಿಯೂ ಕಂದಾಯವನ್ನು ಆಕಾರಬಂದಿನಲ್ಲಿಯೂ ಬರೆದಿಟ್ಟ ಕಾಲದಿಂದ ಈ ದಾಖಲೆಯ ವಂಶಾವಳಿಯನ್ನು ಹೇಳಬಹುದು.

ಈ ಬರವಣಿಗೆಯನ್ನು ವಂಶಪಾರಂಪರ್ಯವಾಗಿ ಕಾಪಾಡಿಕೊಂಡು ಬಂದವರು ಶಾನುಭೋಗರು. ಯಾವ ಹೊಲದ ಬದು ಯಾವ ಹುಣಸೆಮರದ ಬಳಿ ತಿರುಗುವುದೆಂಬುದೂ, ಅಣ್ಣತಮ್ಮಂದಿರ ಪಾಲುಪಾರೀಕತ್ತು ಯಾವ ವರ್ಷ ನಡೆಯಿತೆಂಬುದೂ ಕಡತದಲ್ಲಿ ಅರ್ಧ, ಅವರ ನೆನಪಿನಲ್ಲಿ ಅರ್ಧ ಇರುತ್ತಿದ್ದುದರಿಂದ, ದಾಖಲೆಗೂ ರೈತನಿಗೂ ನಡುವಣ ಸಂಪರ್ಕವೆಂದರೆ ಆ ಒಬ್ಬ ಮನುಷ್ಯನೇ ಆಗಿದ್ದನು. ಆತನು ಊರಲ್ಲಿಲ್ಲದಿದ್ದರೆ, ಅಥವಾ ಆತನ ಮನಸ್ಸು ರೈತನ ಮೇಲೆ ಪ್ರಸನ್ನವಾಗಿರದಿದ್ದರೆ, ಕಡತ ಪೆಟ್ಟಿಗೆಯಲ್ಲಿದ್ದೂ ಇಲ್ಲದಂತೆಯೇ. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ, ಆ ಕಡತಗಳು ಮನೆಯ ಪೆಟ್ಟಿಗೆಗಳಿಂದ ಸರ್ಕಾರದ ನೌಕರರಾದ ಗ್ರಾಮಲೆಕ್ಕಿಗರ ವಶಕ್ಕೆ ಬಂದುವು. ಕಾಗದಗಳು ಸ್ಥಳಾಂತರಗೊಂಡುವು, ನೆನಪು ಮಾತ್ರ ಅವುಗಳ ಜೊತೆ ಹೊರಡಲಿಲ್ಲ. ಆಮೇಲಿನ ಅನೇಕ ವ್ಯಾಜ್ಯಗಳಿಗೆ ಈ ತೆರಪೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಎರಡನೆಯ ಸ್ಥಾನಾಂತರವು 'ಭೂಮಿ' ಯೋಜನೆಯದು, ಮತ್ತು ಅದು ನಿಜವಾಗಿ ಮಹತ್ತರವಾದುದು. 2002ರ ಹೊತ್ತಿಗೆ ಕರ್ನಾಟಕದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ಹೆಸರುಗಳೊಡನೆ, ಗಣಕಯಂತ್ರವನ್ನು ಸೇರಿದುವು. ಆಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದ ನಮ್ಮ ನಾಲ್ಕು ತಾಲ್ಲೂಕುಗಳೂ ಅದರಲ್ಲಿದ್ದುವು. ಕೈಬರಹದ ಪುಸ್ತಕವನ್ನು ನೋಡಿ ಬೆರಳಚ್ಚಿಸಿದ ಪ್ರತಿಗಳನ್ನು ಗ್ರಾಮಲೆಕ್ಕಿಗರು ಮೂಲದೊಡನೆ ತಾಳೆನೋಡಿ ತಿದ್ದಿದರು. ತಿದ್ದುಪಡಿ ಮಾಡುವ ಅಧಿಕಾರಿಯ ಗುರುತನ್ನು ಬೆರಳಿನ ಮುದ್ರೆಯಿಂದ ಯಂತ್ರವೇ ಪರೀಕ್ಷಿಸತೊಡಗಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ರೈತನ ಕಡೆಗೂ ಒಂದು ಪರದೆಯನ್ನು ತಿರುಗಿಸಿಟ್ಟು, 15 ರೂಪಾಯಿಗೆ ಪಹಣಿಯನ್ನು ಕೈಗೆ ಕೊಡಲಾಯಿತು. ಯಾರ ಮನೆಯ ಬಾಗಿಲಲ್ಲಿಯೂ ಕಾಯದೆ ತನ್ನ ನೆಲದ ಲೆಕ್ಕವನ್ನು ತಾನೇ ಕಣ್ಣಾರೆ ಕಂಡ ರೈತನ ಸಮಾಧಾನವನ್ನು ಅಲ್ಪವೆಂದು ಎಣಿಸುವವನು ಹಿಂದಿನ ಕಾಲವನ್ನು ಅರಿಯದವನು.

ಆದರೆ ಅದೇ ಸಂದರ್ಭದಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ತಪ್ಪಿತು. ವಂಚನೆಯನ್ನು ತಡೆಯಲು ಅದು ಅವಶ್ಯವಾಗಿತ್ತು; ಆದರೂ ಅಂದಿನಿಂದ ಸಂಪರ್ಕವೆಂಬುದು ದಾಖಲೆಯ ಉಪಕರಣವಾಗಿ ಉಳಿಯದೆ ದಾಖಲೆಯ ಅಂಗವೇ ಆಗಿಬಿಟ್ಟಿತು. ಮೊದಲಿಗೆ ಸರ್ವರು ತಾಲ್ಲೂಕು ಕಚೇರಿಯಲ್ಲಿಯೇ ಇದ್ದು, ಕೆಟ್ಟರೆ ಪಕ್ಕದ ಕೋಣೆಯಲ್ಲಿ ಕೆಡುತ್ತಿತ್ತು. ಅನಂತರ ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿ, ಕುದೂರಿನ ನಾಡಕಚೇರಿಯಲ್ಲಾಗಲಿ ಸಾತನೂರಿನ ನಾಡಕಚೇರಿಯಲ್ಲಾಗಲಿ ಕೇಳಿದ ಪಹಣಿ ದೂರದ ತಂತಿಯ ಮೂಲಕ ಬರುವಂತಾದ ಮೇಲೆ, 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಹೋಬಳಿಗಳಲ್ಲೆಲ್ಲಾ ರೂಢಿಯಾಯಿತು. ಸರ್ವರು ಇದ್ದೇ ಇರುತ್ತದೆ. ಬಹುಮಟ್ಟಿಗೆ ಇಲ್ಲದಿರುವುದು ದಾರಿ.

ಯಂತ್ರಗಳನ್ನೇ ಸ್ಥಾನಾಂತರಿಸುವವರ ಅನುಭವವೂ ಹೀಗೆಯೇ ಇದೆ. ಒಂದು ಗಣಕದ ಡಿಸ್ಕಿನಲ್ಲಿರುವ ಸಮಸ್ತವನ್ನೂ ಇನ್ನೊಂದು ದೊಡ್ಡ ಯಂತ್ರದೊಳಗೆ ನಡೆಯತಕ್ಕ ವರ್ಚುವಲ್ ಯಂತ್ರವಾಗಿ ಮಾರ್ಪಡಿಸುವ ವಿಎಂವೇರ್ ಕನ್ವರ್ಟರ್ ಎಂಬ ತಂತ್ರಾಂಶದಲ್ಲಿ, ಅಪ್ಪಣೆಗಳು ಹೋಗುವುದು 443ನೆಯ ಪೋರ್ಟಿನಿಂದ, ದತ್ತಾಂಶವು ಸಾಮಾನ್ಯವಾಗಿ ಹೋಗುವುದು 902ನೆಯದರಿಂದ. ಮೊದಲನೆಯದು ತೆರೆದಿದ್ದು ಎರಡನೆಯದನ್ನು ಫೈರ್‌ವಾಲ್ ತಡೆದಿದ್ದರೆ, ಕೆಲಸವು ಆರಂಭವಾದಂತೆ ತೋರಿ ನಡುವೆ ನಿಲ್ಲುತ್ತದೆ. ಅನುಭವಿಯಾದ ತಂತ್ರಜ್ಞನು ಮೂಲಯಂತ್ರವನ್ನೂ ಗಮ್ಯಯಂತ್ರವನ್ನೂ ಕೂಡಲೇ ದೂಷಿಸದೆ, ಹೆಸರಿನಿಂದ ವಿಳಾಸ ದೊರಕುತ್ತದೆಯೇ, ಪೋರ್ಟು ತೆರೆದಿದೆಯೇ, ಪ್ರವೇಶಿಸುವವನಿಗೆ ಅಧಿಕಾರವಿದೆಯೇ ಎಂದು ಒಂದು ತುದಿಯಿಂದ ಇನ್ನೊಂದಕ್ಕೆ ಸಂಧಿ ಸಂಧಿಯನ್ನೂ ಪರೀಕ್ಷಿಸುತ್ತಾ ಹೋಗುತ್ತಾನೆ. ನಾಡಕಚೇರಿಯ ಕಿಂಡಿಯಲ್ಲಿ ಕುಳಿತವರಿಗೆ ಈ ಶಿಸ್ತನ್ನು ಕಲಿಸಿದ್ದರೆ ರೈತರ ಎಷ್ಟೋ ದಿನಗಳು ಉಳಿಯುತ್ತಿದ್ದುವು.

ಹೆಸರಿನ ತೊಡಕು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಸ್ಮರಣೆಯಿಂದ ಕ್ಲೋಸ್‌ಪೇಟೆಯೆನಿಸಿದ್ದ ಊರು ರಾಮನಗರವಾಯಿತು, ಕಾನಕಾನಹಳ್ಳಿ ಕನಕಪುರವಾಯಿತು, 2007ರಲ್ಲಿ ನಾಲ್ಕು ತಾಲ್ಲೂಕುಗಳು ಕೂಡಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಹಳೆಯ ಕ್ರಯಪತ್ರದಲ್ಲಿ ಕ್ಲೋಸ್‌ಪೇಟೆ ತಾಲ್ಲೂಕೆಂದು ಓದಿದ ಗುಮಾಸ್ತನಿಗೆ ಅದು ಯಾವುದೆಂದು ತಿಳಿಯುತ್ತದೆ. ಯಂತ್ರಕ್ಕಾದರೋ ಯಾರಾದರೂ ಮೊದಲೇ ಹೇಳಿಟ್ಟಿರಬೇಕು.

2025ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ವ್ಯವಸ್ಥೆಯು ತತ್ತರಿಸಿ ರಾಜ್ಯಾದ್ಯಂತ ಕ್ರಯಪತ್ರಗಳ ನೋಂದಣಿ ಕುಂಠಿತವಾದಾಗ, ಯಂತ್ರವೇ ಕೆಟ್ಟಿತೆಂದು ಜನರು ಭಾವಿಸಿದರು. ವಿಚಾರಿಸಲಾಗಿ, ದುರುದ್ದೇಶದಿಂದ ಯಂತ್ರಗಳ ಮೂಲಕ ಸುರಿಸಿದ ಸುಳ್ಳು ಕೋರಿಕೆಗಳು ದಾರಿಯನ್ನು ತುಂಬಿಬಿಟ್ಟಿದ್ದುವೆಂದು ಸರ್ಕಾರವು ತಿಳಿಸಿತು. ಅಂಥ ದಿನಗಳಲ್ಲಿ ಮಗಳ ಮದುವೆಗೋ ಆಸ್ಪತ್ರೆಯ ವೆಚ್ಚಕ್ಕೋ ನೆಲವನ್ನು ಆಧಾರವಿಡಬೇಕಾದ ಕೋಡಿಹಳ್ಳಿಯ ರೈತನಿಗೆ ಕಾರಣವು ಯಾವುದಾದರೂ ಫಲವೊಂದೇ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಡತಗಳನ್ನು 'ಭೂ ಸುರಕ್ಷಾ' ಯೋಜನೆಯಲ್ಲಿ ಸ್ಕ್ಯಾನ್ ಮಾಡುವ ಕಾರ್ಯವು ಈಗ ನಡೆದಿದೆ. ಇದು ಮೂರನೆಯ ಸ್ಥಾನಾಂತರ. ಇದಾದರೂ ಮುಗಿಯುವುದರೊಳಗೆ, ಸಹಿಯುಳ್ಳ ದತ್ತಾಂಶದ ಒಂದು ಪ್ರತಿಯನ್ನು ಆಯಾ ತಾಲ್ಲೂಕಿನಲ್ಲಿಯೇ ಇರಿಸಿ, ಸಂಪರ್ಕವು ಕಡಿದುಹೋದ ದಿನ ತಹಸೀಲ್ದಾರರು ಅದರಿಂದಲೇ ಪಹಣಿಯನ್ನು ಕೊಡುವುದಕ್ಕೆ ಶಾಸನವು ಅವಕಾಶ ಮಾಡಿಕೊಡತಕ್ಕದ್ದು.